ದೀಪಗಳ ಕಡತ

ವಾರ್ಡೋ ಬಂದರು, ಎರಡನೇ ಮಹಡಿ, ನವೆಂಬರಿನ ಕೊನೆ.
ಹೊತ್ತು ಹುಟ್ಟುವುದನ್ನು ಬಿಟ್ಟು ಮೂರು ದಿನವಾಗಿತ್ತು.
ಮುನ್ನೂರ ಹನ್ನೆರಡು ದೀಪ ನಮ್ಮ ಲೆಕ್ಕದಲ್ಲಿ,
ಬಂಡೆಯ ನೆತ್ತಿಯಲ್ಲಿ, ತೇಲುವ ಪೀಪಾಯಿಯ ಮೇಲೆ,
ಒಂದೊಂದಕ್ಕೂ ಒಂದು ಬಣ್ಣ, ಒಂದು ಮಿಟುಕು, ಕೆಳಗಿಷ್ಟು ಆಳ.
ಎಲ್ಲವನ್ನೂ ಒಂದು ಕಡತದಲ್ಲಿ ಬರೆದಿಡಬೇಕು.
ಯಂತ್ರವೂ ಓದಬೇಕು, ನಾವೂ ಓದಬೇಕು.
ಯಾವ ರೂಪದಲ್ಲಿ? ಇಷ್ಟೇ ಪ್ರಶ್ನೆ.
ಇಷ್ಟಕ್ಕೇ ವಾರ ಹಿಡಿಯಿತು,
ಒಂದು ಸ್ನೇಹ ತುಸು ಸವೆಯಿತು.

ಎಕ್ಸ್‌ಎಂಎಲ್, ಎಂದಳು ಗುನ್‌ವೋರ್. ಹಳೆಯದು, ಗಟ್ಟಿ,
ತೆರೆದ ಬಾಗಿಲನ್ನೆಲ್ಲ ಹೆಸರು ಹಿಡಿದು ಮುಚ್ಚುತ್ತದೆ.
ನಿಜವೇ. ಆದರೆ ಒಂದು ದೀಪ ಕೆಂಪು ಎನ್ನಲು
‘ಬಣ್ಣ’ ಎಂದು ಕೂಗಿ ಒಳಹೊಕ್ಕು
‘ಕೆಂಪು’ ಎಂದು ಪಿಸುಗುಟ್ಟಿ
‘ಬಣ್ಣ ಮುಗಿಯಿತು’ ಎಂದು ಕೂಗುತ್ತ ಹೊರಬರಬೇಕು.
ಮೂಗಿಗಿಂತ ಮೂಗುತಿ ಭಾರ.

ನಾನು ಯಾಮೆಲ್ ಕಡೆಯವನು.
ಆವರಣವಿಲ್ಲ, ಉದ್ಧರಣವಿಲ್ಲ, ಬಿಟ್ಟ ಜಾಗವೇ ವ್ಯಾಕರಣ.
ಅರ್ಧ ದಿನದಲ್ಲಿ ಮೂವತ್ತು ದೀಪ ಬರೆದು ಬೀಗಿದೆ.
ಓಡಿಸಿ ನೋಡಿದೆವು.
ದೇಶ ಎಂಬಲ್ಲಿ ಎನ್, ಓ ಎಂದಿತ್ತು, ನಮ್ಮವೇ ಎರಡಕ್ಷರ.
ಯಂತ್ರ ಅದನ್ನು ‘ಇಲ್ಲ’ ಎಂದು ಓದಿಕೊಂಡಿತು.
ದೇಶ: ಸುಳ್ಳು.
22:30ಕ್ಕೆ ಸುದ್ದಿ ಕಳಿಸಬೇಕಾದ ದೀಪ
1350 ಎಂಬ ಯಾವುದೋ ಗಳಿಗೆಗೆ ಕಾದು ಕೂತಿತ್ತು.
ಅಡ್ಡಗೋಡೆಯ ಮೇಲೆ ಒಂದಲ್ಲ,
ಮೂವತ್ತು ದೀಪ ಇಟ್ಟಿದ್ದೆ ನಾನು.

ಎಲ್ಲರೂ ನಕ್ಕರು, ಮಾರೆತ್ ಮಾತ್ರ ನಗಲಿಲ್ಲ.
ಅವಳಜ್ಜಿಯ ಸಾಮಿ ಮಾತನ್ನು ಶಾಲೆ ಹೀಗೆಯೇ ಓದಿತ್ತಂತೆ,
ಇದೆ ಎಂದು ಹೇಳಿದ್ದನ್ನು, ಇಲ್ಲ ಎಂದು.

ಜೇಸನ್, ಎಂದಳು ಅವಳು, ಕಡ್ಡಿ ಮುರಿದ ಹಾಗೆ.
ಎಲ್ಲಕ್ಕೂ ಆವರಣ, ಹೆಸರಿಗೆಲ್ಲ ಉದ್ಧರಣ.
ಕೊನೆಯಲ್ಲಿ ಒಂದು ಅಲ್ಪವಿರಾಮ ಹೆಚ್ಚಾದರೂ
ಹೊಸ್ತಿಲು ದಾಟಿಸದು.
ಅಳೆದು ಸುರಿದು ಒಪ್ಪಿದೆವು.
ಗುನ್‌ವೋರ್ ಕಾಫಿ ಬಗ್ಗಿಸಿದಳು, ನನ್ನ ಲೋಟಕ್ಕೆ ಕೊನೆಗೆ.

ಆಗ ಐಲಿಫ್ ಬಂದ,
ಹಳೆಯ ದಫ್ತರವನ್ನು ಮೀನಿನ ಪೆಟ್ಟಿಗೆಯಲ್ಲಿ ಹೊತ್ತು.
ಮೂವತ್ತೊಂದು ವರ್ಷ ದೋಣಿಯಲ್ಲಿ ಹೋಗಿ ಗಾಜು ಒರೆಸಿದವನು.
ಪುಟದ ನಡುವೆ ಅಂಕಿಗಳು. ನಾವು ಕೇಳಿದ್ದು ಅಷ್ಟನ್ನೇ.
ಅಂಚಿನಲ್ಲಿ ಸೀಸದಕಡ್ಡಿಯಲ್ಲಿ:

ಸ್ವಾರ್ತ್‌ಶೇರ್. ನಕಾಶೆ ಒಂಬತ್ತು ಮೀಟರ್ ಎನ್ನುತ್ತದೆ, ನಂಬಬೇಡ. ಆರು.
ಲಿಲ್ಲೆತಾರೆನ್. ಮಿಟುಕು ನಾಲ್ಕು ಸೆಕೆಂಡಿಗೆ. ಐದು ಮಾಡಬೇಡ.
ಐದು ಮಾಡಿದ ವರ್ಷ ಓಡ್‌ವಾರ್ ಇದನ್ನು ಆಚೆ ಬಂಡೆಯ ದೀಪವೆಂದು ತಿಳಿದು
ದೋಣಿ ತಿರುಗಿಸಿದ.
ಕೋಬ್‌ಹೋಲ್ಮ. ಹಸಿರು ಗಾಜು ಸಿಗದೆ ಬಿಳಿ ಹಾಕಿದ್ದೇನೆ. ಮಾರ್ಚಿನಲ್ಲಿ ಬದಲಿಸು.

ಇದನ್ನೆಲ್ಲಿ ಹಾಕುತ್ತೀರಿ? ಕೇಳಿದ ಐಲಿಫ್.
ಜೇಸನ್‌ನಲ್ಲಿ ಅಂಚಿಲ್ಲ.
‘ಟಿಪ್ಪಣಿ’ ಅಂತಲೇ ಒಂದು ಕಲಂ ಮಾಡಿದರೆ… ಎಂದ ಮಾರೆತ್
ಓಡ್‌ವಾರನ ಸಾಲಿನ ಮೇಲೆ ಬೆರಳಿಟ್ಟು ಸುಮ್ಮನಾದಳು.
ನನ್ನದರಲ್ಲಿ ಅದಕ್ಕೂ ಜಾಗವಿತ್ತು, ಎಂದಳು ಗುನ್‌ವೋರ್.
ಯಾರೂ ಕಿವಿಗೊಡಲಿಲ್ಲ.

ಕೊನೆಗೆ ಟಾಮೆಲ್. ಚೆಲುವೆನ್ನಲಾರೆ.
ಚೌಕದೊಳಗೆ ದೀಪದ ಹೆಸರು, ಕೆಳಗೆ ಸಮಚಿಹ್ನೆಯ ಸಾಲು.
ಒಳಗೊಳಗೆ ಹೋದಷ್ಟೂ ಹೆಸರಿಗೆ ಬಾಲ ಬೆಳೆಯುತ್ತದೆ,
ಗುನ್‌ವೋರ್ ಇಂದಿಗೂ ಮೂಗು ಮುರಿಯುತ್ತಾಳೆ.
ಆದರೆ ಸಾಲಿನ ಮೊದಲಿಗೊಂದು ಹ್ಯಾಶ್ ಇಟ್ಟರೆ
ಯಂತ್ರ ಮುಖ ತಿರುಗಿಸಿ ಮುಂದೆ ಹೋಗುತ್ತದೆ.
ಉಳಿದದ್ದು ನಮ್ಮ ನಮ್ಮೊಳಗೆ.

ಐಲಿಫ್ ಎರಡೇ ಬೆರಳಲ್ಲಿ ಒತ್ತುತ್ತ ಹೋದ,
ಹ್ಯಾಶ್, ನಂಬಬೇಡ. ಹ್ಯಾಶ್, ಮಾಡಬೇಡ.
ಓಡ್‌ವಾರನ ಸಾಲು ಬಂದಾಗ ಎದ್ದು ಕಿಟಕಿಗೆ ಹೋದ.
ಅದನ್ನು ಮಾರೆತ್ ಬರೆದಳು.

ಕೋಬ್‌ಹೋಲ್ಮದ್ದು ಯಾವ ಮಾರ್ಚ್, ಕೇಳಿದೆ.
ಅವನಿಗೆ ನೆನಪಿಲ್ಲ.
ಹಾಗೆಯೇ ಬರಿ, ಎಂದ.
ಕಿಟಕಿಯಾಚೆ, ನಡುಹಗಲ ಕತ್ತಲಲ್ಲಿ,
ಅದು ಇನ್ನೂ ಬೆಳ್ಳಗೆ ಮಿಟುಕುತ್ತಿತ್ತು.